ಹೂಂಗುಟ್ಟುವವರ ಅಧ್ಯಯನ: ವಿಶ್ವವಿದ್ಯಾಲಯಗಳಲ್ಲಿ ಸಮಾಜಶಾಸ್ತ್ರ ಮತ್ತು ಮಾಧ್ಯಮ ಶಿಕ್ಷಣ

ಪೀಠಿಕೆ

ಕನ್ನಡ ನಾಡಿನ ಹಳ್ಳಿಗಳಲ್ಲಿ ಕಥೆ ಹೇಳುವ ಅಜ್ಜಿ ಕಥೆಗೆ ತೊಡಗುವ ಮುನ್ನ ಕೇಳುವ ಮಕ್ಕಳಿಗೆ ಒಂದು ಕರಾರು ಹಾಕುತ್ತಾಳೆ. ನಡುನಡುವೆ ‘ಹೂಂ’ ಎನ್ನಬೇಕು. ಹೂಂಗುಟ್ಟುವುದು ನಿಂತರೆ ಕಥೆಯೂ ನಿಲ್ಲುತ್ತದೆ. ಮೇಲುನೋಟಕ್ಕೆ ಇದು ಮಕ್ಕಳು ನಿದ್ದೆಹೋದರೋ ಇಲ್ಲವೋ ಎಂದು ತಿಳಿಯುವ ಉಪಾಯ. ಆದರೆ ಜಾನಪದ ಅಧ್ಯಯನವು ಬರಹಕ್ಕಿಳಿದ ಪಠ್ಯದಿಂದ ಪ್ರದರ್ಶನದ ಕಡೆಗೆ ಹೊರಳಿದ ಮೇಲೆ ಈ ‘ಹೂಂ’ಕಾರದ ಮಹತ್ವ ಬೇರೆಯಾಗಿಯೇ ಕಾಣತೊಡಗಿತು. ಅದು ಕಥೆಯ ಹೊರಗಿನ ಸದ್ದಲ್ಲ, ಕಥೆಯ ಒಂದು ಅಂಗ. ಅದು ಗಟ್ಟಿಯಾದಾಗ ಕಥೆ ಬೆಳೆಯುತ್ತದೆ, ಸೊರಗಿದಾಗ ಮೊಟಕಾಗುತ್ತದೆ, ಅದರಲ್ಲಿ ಸಂಶಯ ಬೆರೆತಾಗ ಹೇಳುವವಳು ಸಾಕ್ಷಿಗಾಗಿ ಊರಿನ ಒಂದು ಹೆಸರನ್ನೋ ಹಳೆಯ ಘಟನೆಯನ್ನೋ ತಂದು ಸೇರಿಸುತ್ತಾಳೆ.

ಇಂದು ವಿಶ್ವವಿದ್ಯಾಲಯಗಳಲ್ಲಿ ಸಮಾಜಶಾಸ್ತ್ರವನ್ನೂ ಮಾಧ್ಯಮ ಅಧ್ಯಯನವನ್ನೂ ಜೊತೆಯಾಗಿ ಓದುವ ವಿದ್ಯಾರ್ಥಿಗಳ ಸಂಖ್ಯೆ ಕಡಿಮೆಯೇನಲ್ಲ. ಕರ್ನಾಟಕದ ಕಲಾ ಪದವಿಯಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಮೂರು ಐಚ್ಛಿಕ ವಿಷಯಗಳ ಪದ್ಧತಿಯಲ್ಲಿ ಪತ್ರಿಕೋದ್ಯಮ, ಸಮಾಜಶಾಸ್ತ್ರ ಮತ್ತು ಐಚ್ಛಿಕ ಕನ್ನಡ ಪರಿಚಿತವಾದ ಒಂದು ಜೋಡಣೆ. ಒಬ್ಬನೇ ವಿದ್ಯಾರ್ಥಿ ಬೆಳಿಗ್ಗೆ ಒಂದು ಕೊಠಡಿಯಲ್ಲಿ ಜಾತಿ, ಕುಟುಂಬ, ಗ್ರಾಮಗಳ ರಚನೆಯನ್ನು ಕೇಳಿಸಿಕೊಂಡು, ಮುಂದಿನ ಗಂಟೆಯಲ್ಲಿ ಇನ್ನೊಂದು ಕೊಠಡಿಗೆ ಹೋಗಿ ಸುದ್ದಿಯ ತಲೆಬರಹ ಕಟ್ಟುವುದನ್ನು ಕಲಿಯುತ್ತಾನೆ. ಇವೆರಡನ್ನೂ ಕೂಡಿಸುವ ಪ್ರಶ್ನೆ ಯಾವುದು? ಹೇಳಿದ್ದನ್ನು ಯಾರು, ಎಲ್ಲಿ ಕುಳಿತು, ಯಾರ ಜೊತೆಯಲ್ಲಿ ಕೇಳಿದರು, ಕೇಳಿ ಏನು ಮಾಡಿಕೊಂಡರು ಎಂಬುದೇ ಆ ಪ್ರಶ್ನೆ. ಹೂಂಗುಟ್ಟುವವರ ಅಧ್ಯಯನವೇ ಈ ಎರಡು ಶಾಸ್ತ್ರಗಳ ಸಂಧಿಸ್ಥಾನ ಎಂಬುದನ್ನು ಅವುಗಳ ಇತಿಹಾಸದ ಆಧಾರದಿಂದ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೈಸೂರಿನ ಒಂದೇ ಅಂಗಳ

ಭಾರತದಲ್ಲಿ ಸಮಾಜಶಾಸ್ತ್ರದ ಮೊದಲ ವಿಭಾಗ ೧೯೧೯ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ಅವರ ನೇತೃತ್ವದಲ್ಲಿ ಆರಂಭವಾಯಿತು. ಅದಾದ ಕೆಲವೇ ವರ್ಷಗಳಲ್ಲಿ, ೧೯೨೦ರ ದಶಕದಲ್ಲಿಯೇ, ಮೈಸೂರು ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಎ.ಆರ್. ವಾಡಿಯಾ ಅವರ ಪ್ರಯತ್ನದಿಂದ ಪದವಿ ತರಗತಿಗಳಿಗೆ ಈ ವಿಷಯದ ಪ್ರವೇಶವಾಯಿತು. ಮುಂದೆ ಭಾರತದ ಸಮಾಜಶಾಸ್ತ್ರಕ್ಕೆ ದಿಕ್ಕು ತೋರಿದ ಎಂ.ಎನ್. ಶ್ರೀನಿವಾಸ್ ಮಹಾರಾಜ ಕಾಲೇಜಿನ ವಿದ್ಯಾರ್ಥಿಯಾಗಿದ್ದರು.

ಅದೇ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ೧೯೩೫ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ರೇಡಿಯೋ ಕೇಂದ್ರವನ್ನು ತೆರೆದರು. ‘ಆಕಾಶವಾಣಿ’ ಎಂಬ ಆ ಕೇಂದ್ರದ ಹೆಸರನ್ನೇ ಮುಂದೆ ರಾಷ್ಟ್ರದ ಪ್ರಸಾರ ಸಂಸ್ಥೆ ತನ್ನದಾಗಿಸಿಕೊಂಡಿತು. ೧೯೫೧ರಲ್ಲಿ ಮಹಾರಾಜ ಕಾಲೇಜಿನಲ್ಲಿಯೇ ನಾಡಿಗ ಕೃಷ್ಣಮೂರ್ತಿ ಅವರ ಪರಿಶ್ರಮದಿಂದ ಪತ್ರಿಕೋದ್ಯಮದ ಬೋಧನೆ ಆರಂಭವಾಯಿತು. ಅದಕ್ಕೆ ಹತ್ತು ವರ್ಷ ಮೊದಲು, ೧೯೪೧ರಲ್ಲಿ, ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಪಿ.ಪಿ. ಸಿಂಗ್ ಪತ್ರಿಕೋದ್ಯಮದ ವಿಭಾಗವನ್ನು ಕಟ್ಟಿದ್ದರು.

ಹೀಗೆ ಸಮಾಜವನ್ನು ಓದುವ ಶಾಸ್ತ್ರ, ಮನಸ್ಸನ್ನು ಓದುವ ಶಾಸ್ತ್ರ, ಸುದ್ದಿಯನ್ನು ಕಟ್ಟುವ ವಿದ್ಯೆ ಮತ್ತು ಒಂದು ಪ್ರಸಾರ ಕೇಂದ್ರ ಇವೆಲ್ಲ ಒಂದೇ ಕಾಲೇಜಿನ ಆಸುಪಾಸಿನಲ್ಲಿ ಹುಟ್ಟಿದುದು ಗಮನಾರ್ಹ. ಆದರೆ ಅಂಗಳ ಒಂದೇ ಆದರೂ ಬಾಗಿಲುಗಳು ಬೇರೆಯಾಗಿಯೇ ಉಳಿದವು. ಸಮಾಜಶಾಸ್ತ್ರ ಗ್ರಾಮದ ಕಡೆಗೆ ನಡೆಯಿತು; ಪತ್ರಿಕೋದ್ಯಮ ಪತ್ರಿಕಾ ಕಚೇರಿಯ ಕಡೆಗೆ ನಡೆಯಿತು. ಗ್ರಾಮದ ಚಾವಡಿಯಲ್ಲಿ ಕುಳಿತು ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದವರು ಎರಡೂ ದಾರಿಗಳ ನಡುವೆ ಉಳಿದುಬಿಟ್ಟರು.

ಹೊರನಾಡುಗಳ ಅನುಭವ

ಈ ಬೇರ್ಪಡೆ ಶಾಸ್ತ್ರಗಳ ಹುಟ್ಟುಗುಣವಲ್ಲ ಎಂಬುದಕ್ಕೆ ಪಾಶ್ಚಾತ್ಯ ವಿಶ್ವವಿದ್ಯಾಲಯಗಳ ಇತಿಹಾಸದಲ್ಲಿ ಸಾಕಷ್ಟು ಆಧಾರವಿದೆ. ೧೯೧೦ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ನಡೆದ ಜರ್ಮನ್ ಸಮಾಜಶಾಸ್ತ್ರಜ್ಞರ ಮೊದಲ ಸಮ್ಮೇಳನದಲ್ಲಿಯೇ ಮ್ಯಾಕ್ಸ್ ವೆಬರ್ ವೃತ್ತಪತ್ರಿಕೆಗಳ ಸಮಾಜಶಾಸ್ತ್ರೀಯ ಅಧ್ಯಯನವನ್ನು ಕೈಗೊಳ್ಳಬೇಕೆಂದು ಸೂಚಿಸಿದ್ದರು. ಶಿಕಾಗೊ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗಕ್ಕೆ ೧೯೧೪ರಲ್ಲಿ ಬಂದ ರಾಬರ್ಟ್ ಪಾರ್ಕ್ ಮೊದಲು ಪತ್ರಿಕಾ ವರದಿಗಾರರಾಗಿದ್ದವರು. ಅಮೆರಿಕಕ್ಕೆ ವಲಸೆ ಬಂದ ಜನ ತಮ್ಮ ತಮ್ಮ ನುಡಿಗಳಲ್ಲಿ ನಡೆಸುತ್ತಿದ್ದ ಪತ್ರಿಕೆಗಳನ್ನು ಕುರಿತ ಅವರ ಗ್ರಂಥ ೧೯೨೨ರಲ್ಲಿ ಪ್ರಕಟವಾಯಿತು. ಬೀದಿಗಿಳಿದು ಕೇಳಿ ಬರೆಯುವ ವರದಿಗಾರನ ಅಭ್ಯಾಸವನ್ನು ಅವರು ಸಮಾಜಶಾಸ್ತ್ರದ ಕ್ಷೇತ್ರಕಾರ್ಯವಾಗಿ ಮಾರ್ಪಡಿಸಿದರು ಎನ್ನಬಹುದು.

ಎರಡನೆಯ ಘಟ್ಟ ರೇಡಿಯೋ ಕಾಲದ್ದು. ಪಾಲ್ ಲಾಜರ್ಸ್‌ಫೆಲ್ಡ್ ಮತ್ತು ಸಂಗಡಿಗರು ೧೯೪೦ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸಂದರ್ಭದಲ್ಲಿ ಒಹಾಯೊ ರಾಜ್ಯದ ಈರಿ ಕೌಂಟಿಯ ಮತದಾರರನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಸಂದರ್ಶಿಸಿದರು. ರೇಡಿಯೋ ಮತ್ತು ಪತ್ರಿಕೆಗಳು ಮತದಾರರ ಮನಸ್ಸನ್ನು ನೇರವಾಗಿ ತಿದ್ದುತ್ತವೆ ಎಂಬ ಅಂದಿನ ನಂಬಿಕೆಗೆ ಅಲ್ಲಿ ಬೆಂಬಲ ಸಿಗಲಿಲ್ಲ. ಜನ ಹೆಚ್ಚಾಗಿ ಕಿವಿಗೊಟ್ಟದ್ದು ತಮ್ಮ ಮನೆಯವರಿಗೆ, ಗೆಳೆಯರಿಗೆ, ಜೊತೆಗೆಲಸದವರಿಗೆ. ಮಾಧ್ಯಮದ ಮಾತು ಮೊದಲು ಕೆಲವು ಅಭಿಪ್ರಾಯ ಮುಂದಾಳುಗಳನ್ನು ತಲುಪಿ, ಅವರ ಮೂಲಕ ಉಳಿದವರಿಗೆ ಹರಿಯುತ್ತದೆ ಎಂಬ ‘ಎರಡು ಹಂತದ ಹರಿವಿನ’ ಸಿದ್ಧಾಂತ ರೂಪುಗೊಂಡದ್ದು ಹೀಗೆ. ಮೇಳದವರು ಹಾಡಿದ ಪದವನ್ನು ಮರುದಿನ ಕಳೆ ಕೀಳುವ ಹೊಲದಲ್ಲಿ ಒಬ್ಬಾಕೆ ತನ್ನ ರೀತಿಯಲ್ಲಿ ಮರುಹಾಡುವುದನ್ನು ಬಲ್ಲ ಜಾನಪದ ವಿದ್ವಾಂಸರಿಗೆ ಈ ಸಿದ್ಧಾಂತ ಅಪರಿಚಿತವೆನಿಸದು.

ಮೂರನೆಯದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪ್ರಯೋಗ. ೧೯೬೪ರಲ್ಲಿ ರಿಚರ್ಡ್ ಹಾಗರ್ಟ್ ಅಲ್ಲಿ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದರು. ಅನಂತರ ಅದನ್ನು ಮುನ್ನಡೆಸಿದ ಸ್ಟುವರ್ಟ್ ಹಾಲ್ ೧೯೭೩ರಲ್ಲಿ ಮಂಡಿಸಿದ ಪ್ರಬಂಧದ ಪ್ರಕಾರ, ದೂರದರ್ಶನ ಕಾರ್ಯಕ್ರಮವನ್ನು ಕಟ್ಟುವವರು ಅದರಲ್ಲಿಡುವ ಅರ್ಥವೂ ನೋಡುವವರು ಅದರಿಂದ ಬಿಡಿಸಿಕೊಳ್ಳುವ ಅರ್ಥವೂ ಒಂದೇ ಆಗಿರಬೇಕೆಂದಿಲ್ಲ. ನೋಡುಗ ಒಪ್ಪಬಹುದು, ಅರ್ಧ ಒಪ್ಪಿ ಅರ್ಧ ತನ್ನ ಅನುಭವಕ್ಕೆ ಹೊಂದಿಸಿಕೊಳ್ಳಬಹುದು, ಪೂರ್ತಿ ಎದುರಾಗಿಯೂ ಓದಬಹುದು. ೧೯೮೦ರಲ್ಲಿ ಪ್ರಕಟವಾದ ಡೇವಿಡ್ ಮಾರ್ಲಿ ಅವರ ಅಧ್ಯಯನ ಬ್ರಿಟಿಷ್ ದೂರದರ್ಶನದ ಒಂದು ಕಾರ್ಯಕ್ರಮವನ್ನು ಬೇರೆ ಬೇರೆ ಹಿನ್ನೆಲೆಯ ಗುಂಪುಗಳಿಗೆ ತೋರಿಸಿ ಈ ವಿಚಾರವನ್ನು ಪರೀಕ್ಷೆಗೆ ಒಡ್ಡಿತು. ಜಗತ್ತಿನಾದ್ಯಂತ ಮಾಧ್ಯಮ ವಿಭಾಗಗಳ ಪಠ್ಯಕ್ಕೆ ದಾರಿ ತೋರಿದ ಈ ಕೇಂದ್ರದ ಉತ್ತರಾಧಿಕಾರಿಯಾಗಿದ್ದ ಸಂಸ್ಕೃತಿ ಅಧ್ಯಯನ ಮತ್ತು ಸಮಾಜಶಾಸ್ತ್ರ ವಿಭಾಗವನ್ನು ೨೦೦೨ರಲ್ಲಿ ಆ ವಿಶ್ವವಿದ್ಯಾಲಯವೇ ಮುಚ್ಚಿತು. ಎರಡು ಶಾಸ್ತ್ರಗಳ ಕೂಡುನೆಲ ಎಷ್ಟು ಫಲವತ್ತಾದುದೋ ಆಡಳಿತದ ದೃಷ್ಟಿಯಲ್ಲಿ ಅಷ್ಟೇ ಅಭದ್ರವಾದುದು ಎಂಬುದನ್ನು ಇದು ತೋರಿಸುತ್ತದೆ.

ಭಾರತದ ಎರಡು ಪ್ರಯೋಗಗಳು

ಇಂತಹ ಕೂಡು ಅಧ್ಯಯನಕ್ಕೆ ಭಾರತದಲ್ಲಿ ಅವಕಾಶವೇ ಇರಲಿಲ್ಲವೆಂದಲ್ಲ. ೧೯೫೬ರಲ್ಲಿ ಯುನೆಸ್ಕೋ ನೆರವಿನಿಂದ ಅಂದಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳ ಸುಮಾರು ೧೫೦ ಹಳ್ಳಿಗಳಲ್ಲಿ ಗ್ರಾಮೀಣ ರೇಡಿಯೋ ವೇದಿಕೆಗಳ ಪ್ರಯೋಗ ನಡೆಯಿತು. ವಾರಕ್ಕೆ ಎರಡರಂತೆ ಒಟ್ಟು ೨೦ ಕಾರ್ಯಕ್ರಮಗಳು ಪ್ರಸಾರವಾದವು. ಹಳ್ಳಿಯವರು ಒಟ್ಟಿಗೆ ಕುಳಿತು ಕೇಳಿ, ಕೇಳಿದ ಮೇಲೆ ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಪುಣೆಯ ಆಕಾಶವಾಣಿಗೆ ಕಳುಹಿಸುತ್ತಿದ್ದರು. ಇದರ ಮೌಲ್ಯಮಾಪನವನ್ನು ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಮೂಲಕ ನಡೆಸಿದವರು ವಿಯೆನ್ನಾದಲ್ಲಿ ಹುಟ್ಟಿ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮಾಡಿದ್ದ ಸಮಾಜಶಾಸ್ತ್ರಜ್ಞ ಪಾಲ್ ನ್ಯೂರಾತ್. ವೇದಿಕೆಯಿದ್ದ ಹಳ್ಳಿ, ರೇಡಿಯೋ ಇದ್ದೂ ವೇದಿಕೆಯಿಲ್ಲದ ಹಳ್ಳಿ, ರೇಡಿಯೋವೇ ಇಲ್ಲದ ಹಳ್ಳಿ ಎಂದು ಮೂರು ಬಗೆಗಳನ್ನು ಅವರು ಹೋಲಿಸಿ ನೋಡಿದರು. ತಿಳಿವಳಿಕೆ ಎದ್ದು ಕಾಣುವಷ್ಟು ಬೆಳೆದದ್ದು ಮೊದಲನೆಯ ಬಗೆಯ ಹಳ್ಳಿಗಳಲ್ಲಿ. ಪೆಟ್ಟಿಗೆಯೊಂದನ್ನು ಊರಿಗೆ ಕೊಟ್ಟ ಮಾತ್ರಕ್ಕೆ ಅಂತಹ ಬೆಳವಣಿಗೆ ಆಗಲಿಲ್ಲ. ಕೇಳಿದ್ದನ್ನು ಕುರಿತು ಮಾತಾಡಲು ಜಾಗ ಸಿಕ್ಕಿದಾಗ ಆಯಿತು.

ಎರಡನೆಯ ಪ್ರಯೋಗ ಕರ್ನಾಟಕಕ್ಕೆ ನೇರವಾಗಿ ಸಂಬಂಧಿಸಿದ್ದು. ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರವರೆಗೆ ಅಮೆರಿಕದ ಒಂದು ಉಪಗ್ರಹದ ನೆರವಿನಿಂದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಲಾಯಿತು. ‘ಸೈಟ್’ ಎಂದು ಹೆಸರಾದ ಈ ಯೋಜನೆಯಲ್ಲಿ ಕರ್ನಾಟಕದಿಂದ ಅಂದಿನ ಬಿಜಾಪುರ, ಗುಲ್ಬರ್ಗಾ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳು ಸೇರಿದ್ದವು. ಊರಿಗೊಂದರಂತೆ ಸಾರ್ವಜನಿಕ ಸ್ಥಳದಲ್ಲಿ ಇಟ್ಟ ಪೆಟ್ಟಿಗೆಯ ಮುಂದೆ ಜನ ನೆರೆದು ಕೃಷಿ, ಆರೋಗ್ಯ, ಕುಟುಂಬ ಯೋಜನೆಯ ಕಾರ್ಯಕ್ರಮಗಳನ್ನು ನೋಡಿದರು. ಈ ಹಳ್ಳಿಗಳ ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ.

ಈ ಯೋಜನೆಯ ವಿಶೇಷವೆಂದರೆ, ಪ್ರಶ್ನಾವಳಿಯ ಸಮೀಕ್ಷೆಯ ಜೊತೆಗೆ, ಆಯ್ದ ಕೆಲವು ಹಳ್ಳಿಗಳಲ್ಲಿ ಮಾನವಶಾಸ್ತ್ರದ ತರಬೇತಿ ಪಡೆದ ಸಂಶೋಧಕರು ನೆಲೆಸಿ ಜನರ ಪ್ರತಿಕ್ರಿಯೆಯನ್ನು ದಾಖಲಿಸಿದುದು. ಮಾನವಶಾಸ್ತ್ರಜ್ಞ ಬಿನೋದ್ ಸಿ. ಅಗ್ರವಾಲ್ ಈ ಬಗೆಯ ಅಧ್ಯಯನದ ಹೊಣೆ ಹೊತ್ತಿದ್ದರು. ಯಾರು ಮುಂದೆ ಕೂರುತ್ತಾರೆ, ಯಾರು ಹಿಂದೆ ನಿಲ್ಲುತ್ತಾರೆ, ಯಾವಾಗ ಎದ್ದು ಹೋಗುತ್ತಾರೆ, ಮನೆಗೆ ಹೋಗಿ ಏನು ಹೇಳುತ್ತಾರೆ ಎಂಬಂತಹ ಪ್ರಶ್ನೆಗಳಿಗೆ ಪ್ರಶ್ನಾವಳಿಯಿಂದ ಉತ್ತರ ಸಿಗುವುದಿಲ್ಲ. ಅಲ್ಲಿ ಇದ್ದು ನೋಡಬೇಕು. ಬಯಲಾಟದ ಪ್ರೇಕ್ಷಕರನ್ನು ಅಭ್ಯಾಸ ಮಾಡುವ ಕ್ರಮವೂ ಇದೇ. ಮಾಧ್ಯಮ, ಸಮಾಜ ಮತ್ತು ಕ್ಷೇತ್ರಕಾರ್ಯ ಈ ಮೂರೂ ಒಂದೆಡೆ ಕೂಡಿದ ಈ ನಿದರ್ಶನ ಕನ್ನಡ ನೆಲಕ್ಕೇ ಸಂಬಂಧಿಸಿದ್ದು. ನಮ್ಮ ಪದವಿ ತರಗತಿಗಳಲ್ಲಿ ಇದು ತಂತ್ರಜ್ಞಾನದ ಸಾಧನೆಯಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿದುಹೋಗದೆ, ಅಧ್ಯಯನ ವಿಧಾನದ ಪಾಠವಾಗಬೇಕಾಗಿದೆ.

ಪಠ್ಯಕ್ರಮ ಬಿಟ್ಟುಕೊಟ್ಟ ನೆಲೆಗಳು

ಕನ್ನಡ ಪತ್ರಿಕೋದ್ಯಮದ ಇತಿಹಾಸವನ್ನು ೧೮೪೩ರಲ್ಲಿ ಹರ್ಮನ್ ಮೊಗ್ಲಿಂಗ್ ಮಂಗಳೂರಿನಲ್ಲಿ ಹೊರಡಿಸಿದ ‘ಮಂಗಳೂರ ಸಮಾಚಾರ’ದಿಂದ ಆರಂಭಿಸುವುದು ವಾಡಿಕೆ. ಮುದ್ರಿತ ಪತ್ರಿಕೆಯ ಮಟ್ಟಿಗೆ ಇದು ಸರಿಯೇ. ಆದರೆ ಸುದ್ದಿಯ ಇತಿಹಾಸ ಅದಕ್ಕಿಂತ ಹಳೆಯದು. ಡಂಗುರ ಸಾರುವವನು, ಸಂತೆಯಿಂದ ಸಂತೆಗೆ ಹೋಗುವ ವ್ಯಾಪಾರಿ, ಊರೂರು ತಿರುಗುವ ಲಾವಣಿಕಾರ ಇವರೆಲ್ಲ ಸುದ್ದಿಯ ವಾಹಕರೇ. ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್ ೧೮೮೦ರ ದಶಕದಲ್ಲಿ ಸಂಗ್ರಹಿಸಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನ ಬಂಡಾಯವನ್ನೂ ಹಲಗಲಿಯ ಬೇಡರ ಹೋರಾಟವನ್ನೂ ಕುರಿತ ಹಾಡುಗಳಿವೆ. ಸರ್ಕಾರಿ ಕಾಗದಪತ್ರಗಳಲ್ಲಿ ದಂಗೆಯಾಗಿ ದಾಖಲಾದ ಘಟನೆ ಈ ಹಾಡುಗಳ ಕೇಳುಗರ ನಡುವೆ ಶೌರ್ಯವಾಗಿ ಉಳಿಯಿತು. ಒಂದೇ ಘಟನೆಯ ಎರಡು ವರದಿಗಳ ನಡುವಿನ ಈ ಅಂತರವನ್ನು ವಿವರಿಸಲು ಮಾಧ್ಯಮ ವಿದ್ಯಾರ್ಥಿಗೆ ಸಮಾಜಶಾಸ್ತ್ರವೂ ಬೇಕು, ಜಾನಪದವೂ ಬೇಕು.

ಇನ್ನೊಂದು ನೆಲೆ ಸುದ್ದಿಮನೆಯದು. ಹೇಳುವವರು ಯಾರು ಎಂಬ ಪ್ರಶ್ನೆಯೂ ಕೇಳುವವರ ಪ್ರಶ್ನೆಯಷ್ಟೇ ಸಾಮಾಜಿಕವಾದುದು. ೨೦೦೬ರಲ್ಲಿ ಅನಿಲ್ ಚಮಡಿಯಾ, ಜಿತೇಂದ್ರ ಕುಮಾರ್ ಮತ್ತು ಯೋಗೇಂದ್ರ ಯಾದವ್ ದೆಹಲಿಯ ರಾಷ್ಟ್ರೀಯ ಮಾಧ್ಯಮ ಸಂಸ್ಥೆಗಳಲ್ಲಿ ತೀರ್ಮಾನ ಕೈಗೊಳ್ಳುವ ಸ್ಥಾನಗಳಲ್ಲಿದ್ದ ೩೧೫ ಮಂದಿಯ ಸಾಮಾಜಿಕ ಹಿನ್ನೆಲೆಯನ್ನು ಪರಿಶೀಲಿಸಿದರು. ಅವರಲ್ಲಿ ಶೇಕಡ ೭೧ರಷ್ಟು ಮಂದಿ ಹಿಂದೂ ಮೇಲ್ಜಾತಿಗಳ ಪುರುಷರಾಗಿದ್ದರು. ದಲಿತರಾಗಲಿ ಆದಿವಾಸಿಗಳಾಗಲಿ ಒಬ್ಬರೂ ಇರಲಿಲ್ಲ. ಜಾತಿಯನ್ನು ಸಮಾಜಶಾಸ್ತ್ರದ ಪತ್ರಿಕೆಯಲ್ಲಿ ಓದಿ ಉತ್ತೀರ್ಣನಾದ ವಿದ್ಯಾರ್ಥಿ ಪತ್ರಿಕೋದ್ಯಮದ ತರಗತಿಯಲ್ಲಿ ಈ ಅಂಕಿಗಳನ್ನು ಎದುರಿಸದಿದ್ದರೆ ಎರಡೂ ಓದು ಅಪೂರ್ಣವೇ.

ಕರ್ನಾಟಕವನ್ನೇ ಕುರಿತ ಕೆಲಸಗಳೂ ಇಲ್ಲದಿಲ್ಲ. ಬೆಂಗಳೂರಿನ ಸುದ್ದಿ ಮಾಧ್ಯಮಗಳ ಒಳಗೆ ದೀರ್ಘಕಾಲದ ಕ್ಷೇತ್ರಕಾರ್ಯ ನಡೆಸಿದ ಸಹನಾ ಉಡುಪ ಅವರ ಗ್ರಂಥ ೨೦೧೫ರಲ್ಲಿ ಪ್ರಕಟವಾಯಿತು. ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳ ಲೋಕಗಳನ್ನು ಒಟ್ಟಿಗೆ ನೋಡುವ ಇಂತಹ ಅಧ್ಯಯನಗಳು ಕನ್ನಡದಲ್ಲಿಯೂ ಹೆಚ್ಚಾಗಿ ಬರಬೇಕಾಗಿದೆ.

ವದಂತಿ: ಮೂರು ಶಾಸ್ತ್ರಗಳ ಪರೀಕ್ಷೆ

ಈ ಬೇರ್ಪಡೆ ಕೇವಲ ಪಠ್ಯಕ್ರಮದ ಪ್ರಶ್ನೆಯಲ್ಲ ಎಂಬುದು ೨೦೧೮ರಲ್ಲಿ ಸ್ಪಷ್ಟವಾಯಿತು. ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ವಾಟ್ಸ್‌ಆ್ಯಪ್ ಮೂಲಕ ದೇಶದ ಹಲವೆಡೆ ಹಬ್ಬಿ ಅನೇಕರ ಪ್ರಾಣ ತೆಗೆಯಿತು. ಜುಲೈ ತಿಂಗಳಿನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವಕನೊಬ್ಬ ಜನರ ಗುಂಪಿನ ಹೊಡೆತಕ್ಕೆ ಬಲಿಯಾದ. ಅವನ ಜೊತೆಗಿದ್ದವರು ಗಾಯಗೊಂಡರು. ಶಾಲೆಯ ಮಕ್ಕಳಿಗೆ ಚಾಕೊಲೇಟ್ ಹಂಚಿದುದೇ ಸಂಶಯಕ್ಕೆ ಕಾರಣವಾಗಿತ್ತು. ಆ ದಿನಗಳಲ್ಲಿ ಹರಿದಾಡಿದ ದೃಶ್ಯಗಳಲ್ಲಿ ಒಂದು ವಾಸ್ತವವಾಗಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ತಯಾರಿಸಿದ ಕಿರುಚಿತ್ರ. ಅದರ ಉದ್ದೇಶವನ್ನು ತಿಳಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹರಿಯಬಿಟ್ಟಿದ್ದರು.

ಮಾಧ್ಯಮ ವಿಭಾಗಗಳು ಇದನ್ನು ಸುಳ್ಳುಸುದ್ದಿಯ ಸಮಸ್ಯೆಯಾಗಿ ಕಂಡು ಸತ್ಯಶೋಧನೆಯ ತಂತ್ರವನ್ನು ಕಲಿಸುತ್ತವೆ. ಸಮಾಜಶಾಸ್ತ್ರ ಇದನ್ನು ಗುಂಪಿನ ವರ್ತನೆಯಾಗಿ ವಿವರಿಸುತ್ತದೆ. ಜಾನಪದಕ್ಕೆ ‘ಮಕ್ಕಳ ಕಳ್ಳ’ ಹೊಸಬನಲ್ಲ. ಜೋಳಿಗೆಯಲ್ಲಿ ಮಕ್ಕಳನ್ನು ತುಂಬಿಕೊಂಡು ಹೋಗುವ ಅಪರಿಚಿತ ತಲೆಮಾರುಗಳಿಂದ ಮಕ್ಕಳನ್ನು ಹೆದರಿಸುವ ಮಾತುಗಳಲ್ಲಿದ್ದಾನೆ. ೧೯೯೦ರ ದಶಕದಲ್ಲಿ ಬೆಂಗಳೂರು ಮತ್ತು ಇತರ ಊರುಗಳಲ್ಲಿ ದೆವ್ವವನ್ನು ಹಿಂದಕ್ಕೆ ಕಳುಹಿಸಲು ಮನೆಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದಾಗ ಯಾರ ಕೈಯಲ್ಲೂ ವಾಟ್ಸ್‌ಆ್ಯಪ್ ಇರಲಿಲ್ಲ. ಅಂದರೆ ಉಪಕರಣ ಕಥೆಯನ್ನು ಸೃಷ್ಟಿಸಲಿಲ್ಲ. ಇದ್ದ ಕಥೆಗೆ ವೇಗವನ್ನೂ ಕಣ್ಣಿಗೆ ಕಾಣುವ ‘ಸಾಕ್ಷಿ’ಯನ್ನೂ ಒದಗಿಸಿತು.

ವದಂತಿಯ ಅಧ್ಯಯನಕ್ಕೆ ಭಾರತದಲ್ಲಿಯೂ ಗೌರವಾನ್ವಿತ ಇತಿಹಾಸವಿದೆ. ೧೯೩೪ರ ಬಿಹಾರ ಭೂಕಂಪದ ನಂತರ ಹಬ್ಬಿದ ವದಂತಿಗಳನ್ನು ಸಂಗ್ರಹಿಸಿ ಜಮುನಾ ಪ್ರಸಾದ್ ೧೯೩೫ರಲ್ಲಿಯೇ ಪ್ರಬಂಧ ಪ್ರಕಟಿಸಿದ್ದರು. ಸಮಾಜಶಾಸ್ತ್ರಜ್ಞ ತಮೋತ್ಸು ಶಿಬುತಾನಿ ೧೯೬೬ರ ತಮ್ಮ ಗ್ರಂಥದಲ್ಲಿ ವದಂತಿಯನ್ನು ಜನ ಒಟ್ಟಾಗಿ ಕಟ್ಟಿಕೊಳ್ಳುವ ಸುದ್ದಿಯೆಂದು ವಿವರಿಸಿದರು. ನಂಬಬಹುದಾದ ಮೂಲಗಳಿಂದ ಬೇಕಾದಷ್ಟು ಸುದ್ದಿ ಸಿಗದಾಗ ಜನ ತಮ್ಮಲ್ಲಿರುವ ತಿಳಿವಳಿಕೆಯನ್ನು ಕಲೆಹಾಕಿ ಅರ್ಥ ಕಟ್ಟಿಕೊಳ್ಳುತ್ತಾರೆ ಎಂಬುದು ಅವರ ವಾದ. ಈ ದೃಷ್ಟಿಯಿಂದ ನೋಡಿದಾಗ ಕೇಳಬೇಕಾದ ಪ್ರಶ್ನೆಗಳು ಬದಲಾಗುತ್ತವೆ. ಆ ದೃಶ್ಯವನ್ನು ಯಾರು ಯಾರಿಗೆ ಕಳುಹಿಸಿದರು? ಯಾವ ಬಂಧುತ್ವದ, ಯಾವ ಗೆಳೆತನದ ನಂಬಿಕೆಯ ಮೇಲೆ ಅದು ಸತ್ಯವಾಯಿತು? ಸಂಶಯದ ‘ಹೂಂ’ ಎಲ್ಲಿ ಕೇಳಿಬರಬೇಕಿತ್ತು, ಏಕೆ ಬರಲಿಲ್ಲ? ಕಥೆಯ ಜಗಲಿಯಲ್ಲಿ ಹೇಳುವವಳ ಮುಖ ಕೇಳುವವರಿಗೆ ಕಾಣುತ್ತಿತ್ತು, ‘ಹೌದೇನಜ್ಜಿ?’ ಎಂದು ತಡೆಯಲು ಅವಕಾಶವಿತ್ತು. ಅಂಗೈಯಗಲದ ಪರದೆಯ ಮುಂದೆ ಹಾಗೆ ತಡೆದು ಕೇಳುವ ಅವಕಾಶ ಕಡಿಮೆ. ಆ ಜುಲೈನಲ್ಲಿಯೇ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ದಾಟಿಸದಂತೆ ಮಿತಿ ಹೇರುವುದಾಗಿ ಪ್ರಕಟಿಸಿತು. ಇದರಿಂದ ಹರಿವಿನ ವೇಗ ತಗ್ಗೀತು. ಕೇಳುವವರ ವಿವೇಚನೆ ಬೆಳೆಯಲಾರದು. ಆ ಕೆಲಸ ಶಿಕ್ಷಣದ್ದು.

ಬೋಧನಾ ಕ್ರಮದ ಕೆಲವು ಸಾಧ್ಯತೆಗಳು

ಹೊಸ ವಿಭಾಗವೊಂದನ್ನು ತೆರೆಯುವುದೇ ಇದಕ್ಕೆ ಪರಿಹಾರವಲ್ಲ. ಎರಡೂ ವಿಷಯಗಳನ್ನು ಓದುವ ವಿದ್ಯಾರ್ಥಿಗೆ ಒಂದು ಸಮಾನ ಕ್ಷೇತ್ರಕಾರ್ಯವನ್ನು ಕಡ್ಡಾಯಗೊಳಿಸಿದರೆ ಬಹುಪಾಲು ಕೆಲಸ ಆದೀತು. ಒಂದು ಊರಿನಲ್ಲಿ ಅಥವಾ ಬಡಾವಣೆಯಲ್ಲಿ ಒಂದು ವಾರವಿದ್ದು ಒಂದು ಸುದ್ದಿಯ ಬೆನ್ನುಹತ್ತುವುದು, ಅದು ಮೊದಲು ಯಾರಿಗೆ ಯಾವ ಮಾಧ್ಯಮದಿಂದ ಬಂತು, ಚಹಾದಂಗಡಿಯಲ್ಲಿ, ಸಂಘದ ಸಭೆಯಲ್ಲಿ, ಅಡುಗೆಮನೆಯಲ್ಲಿ ಅದರ ಪಾಠಾಂತರಗಳು ಹೇಗಾದವು ಎಂಬುದನ್ನು ವಕ್ತೃಗಳ ಮಾತಿನಲ್ಲಿಯೇ ದಾಖಲಿಸುವುದು, ಅದೇ ಸುದ್ದಿ ಪತ್ರಿಕೆಯಲ್ಲಿ ಪ್ರಕಟವಾದ ರೂಪದೊಡನೆ ಹೋಲಿಸುವುದು ಇವು ಹೆಚ್ಚಿನ ವೆಚ್ಚವಿಲ್ಲದೆ ನಡೆಯಬಹುದಾದವು. ಪಾಠಾಂತರಗಳನ್ನು ಗುರುತಿಸುವ ಜಾನಪದದ ಶಿಸ್ತು ಇಲ್ಲಿ ನೇರವಾಗಿ ನೆರವಾಗುತ್ತದೆ. ೧೯೯೧ರಲ್ಲಿ ಆರಂಭವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಮತ್ತು ೨೦೧೧ರಲ್ಲಿ ಸ್ಥಾಪನೆಯಾದ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಇಂತಹ ಅಧ್ಯಯನಗಳಿಗೆ ಸಹಜವಾದ ನೆಲೆಗಳು.

ದಾಖಲೆಗಳ ರಕ್ಷಣೆಯೂ ಅಷ್ಟೇ ಮುಖ್ಯ. ಮೈಸೂರು ಸೀಮೆಯ ‘ರಾಂಪುರ’ದಲ್ಲಿ ೧೯೪೮ರಲ್ಲಿ ಕ್ಷೇತ್ರಕಾರ್ಯ ನಡೆಸಿದ್ದ ಎಂ.ಎನ್. ಶ್ರೀನಿವಾಸ್ ಅವರ ಸಂಸ್ಕರಿಸಿದ ಟಿಪ್ಪಣಿಗಳ ಮೂರೂ ಪ್ರತಿಗಳು ೧೯೭೦ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾದವು. ಅವರು ನೆನಪಿನ ಬಲದಿಂದ ಬರೆದ ಗ್ರಂಥ ೧೯೭೬ರಲ್ಲಿ ಪ್ರಕಟವಾಗಿ ಗ್ರಾಮ ಅಧ್ಯಯನದ ಶ್ರೇಷ್ಠ ಕೃತಿಯೆನಿಸಿತು. ಆದರೆ ಎಲ್ಲ ಕ್ಷೇತ್ರಕ್ಕೂ ಅಂತಹ ನೆನಪಿನ ಶಕ್ತಿಯುಳ್ಳ ವಿದ್ವಾಂಸರು ದೊರೆಯುವುದಿಲ್ಲ. ೧೯೭೫ರಲ್ಲಿ ಕಲ್ಯಾಣ ಕರ್ನಾಟಕದ ಊರುಗಳಲ್ಲಿ ದೂರದರ್ಶನವನ್ನು ಮೊದಲ ಬಾರಿಗೆ ಕಂಡ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಆ ಸಂಜೆಗಳ ನೆನಪನ್ನು ಈಗಲೇ ಕೇಳಿ ಬರೆದುಕೊಳ್ಳದಿದ್ದರೆ ಮುಂದೆ ಕೇಳಲು ಯಾರೂ ಇರುವುದಿಲ್ಲ.

ಸಮಾರೋಪ

ಒಟ್ಟಿನಲ್ಲಿ, ಸಮಾಜಶಾಸ್ತ್ರ ಮತ್ತು ಮಾಧ್ಯಮ ಅಧ್ಯಯನಗಳು ವಿಶ್ವವಿದ್ಯಾಲಯದಲ್ಲಿ ಬೇರೆ ಬೇರೆ ಬಾಗಿಲುಗಳಿಂದ ಒಳಬಂದಿದ್ದರೂ ಅವುಗಳ ಉತ್ತಮ ಫಲಗಳೆಲ್ಲ ಎರಡೂ ಕೂಡಿದ ಕಡೆಯಲ್ಲಿಯೇ ಕಾಣಿಸಿಕೊಂಡಿವೆ. ಈರಿ ಕೌಂಟಿಯ ಮತದಾರರು, ಪುಣೆಯ ಸುತ್ತಲಿನ ರೇಡಿಯೋ ವೇದಿಕೆಗಳು, ರಾಯಚೂರು ಸೀಮೆಯ ಊರಪೆಟ್ಟಿಗೆ, ಮುರ್ಕಿಯ ದುರಂತ ಇವೆಲ್ಲವೂ ಸಾರುವ ಸಂಗತಿ ಒಂದೇ. ಮಾತು ಎಷ್ಟು ದೂರ ಹೋಯಿತು ಎಂಬುದಕ್ಕಿಂತ, ಹೋದ ಕಡೆ ಅದಕ್ಕೆ ಯಾರು ಹೇಗೆ ಹೂಂಗುಟ್ಟಿದರು ಎಂಬುದರ ಮೇಲೆ ಅದರ ಪರಿಣಾಮ ನಿಂತಿದೆ. ಕೇಳುವವರ ಕಡೆಗೆ ಕಿವಿಗೊಡುವ ಅಭ್ಯಾಸವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು ಈ ಎರಡೂ ವಿಭಾಗಗಳ ಸಮಾನ ಹೊಣೆ. ಜಾನಪದ ಅಧ್ಯಯನ ಆ ಅಭ್ಯಾಸವನ್ನು ಹಳ್ಳಿಯ ಜಗಲಿಗಳಲ್ಲಿ ಕಲಿತಿದೆ. ಅದನ್ನು ನೆರೆಯ ಶಾಸ್ತ್ರಗಳೊಡನೆ ಹಂಚಿಕೊಳ್ಳಬೇಕಾದ ಕಾಲ ಇದು.